ಗೋಡೆ ಯಾವುದೆಂದು ತಿಳಿದು ಡ್ರಿಲ್ ಕೊಳ್ಳಿ

ಮನೆಯ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳೋಣ ಎಂದು ಹೊರಟವರು ಮೊದಲು ತೆರೆಯುವುದು ಯೂಟ್ಯೂಬನ್ನು. ಅಲ್ಲಿ ಎದುರಾಗುವ ಬಹಳಷ್ಟು ವಿಡಿಯೊಗಳು ಅಮೆರಿಕದವು. ಅಲ್ಲಿ ಮನೆಯ ಚೌಕಟ್ಟೇ ಸಾಮಾನ್ಯವಾಗಿ ಮರದ್ದು, ಒಳಗೋಡೆ ಜಿಪ್ಸಮ್ ಹಲಗೆಯದು. ಹಾಗಾಗಿ ಅವರ ಪಟ್ಟಿಯಲ್ಲಿ ಸರ್ಕ್ಯುಲರ್ ಸಾ, ಮೊಳೆ ಹೊಡೆಯುವ ಗನ್, ಗೋಡೆಯೊಳಗಿನ ಮರದ ಕಂಬ ಹುಡುಕುವ ಉಪಕರಣ ಎಲ್ಲವೂ ಇರುತ್ತವೆ. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕು, ಕಾಂಕ್ರೀಟಿನ ಮನೆ. ಮರಗೆಲಸವನ್ನು ಬಡಗಿಯೇ ಮಾಡಿಕೊಡುತ್ತಾನೆ. ನಮ್ಮ ಪಾಲಿಗೆ ಉಳಿಯುವುದು ಪರದೆಯ ರಾಡು, ಕನ್ನಡಿ, ಶೆಲ್ಫು, ಬಟ್ಟೆ ಒಣಹಾಕುವ ಸ್ಟ್ಯಾಂಡು. ಇವೆಲ್ಲಕ್ಕೂ ಬೇಕಾಗಿರುವುದು ಗೋಡೆಯಲ್ಲೊಂದು ಗಟ್ಟಿಯಾದ ತೂತು. ಆದ್ದರಿಂದ ಯಾವ ಮಷಿನ್ ಕೊಳ್ಳಬೇಕು ಎಂಬುದನ್ನು ನಿಮ್ಮ ಗೋಡೆಯೇ ತೀರ್ಮಾನಿಸಬೇಕು.

ಸಾಮಾನ್ಯ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕಿನ ಗೋಡೆಗೆ 500ರಿಂದ 650 ವ್ಯಾಟಿನ, ವೈರು ಇರುವ ಇಂಪ್ಯಾಕ್ಟ್ ಡ್ರಿಲ್ ಸಾಕು. ಅದರೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಿಗಿಯುತ್ತ ತಿರುಗುತ್ತವೆ. ನಿಮಿಷಕ್ಕೆ 40,000ಕ್ಕೂ ಹೆಚ್ಚು ಪೆಟ್ಟು ಬೀಳಬಹುದು, ಆದರೆ ಒಂದೊಂದೂ ತೀರಾ ಸಣ್ಣದು. ಅದರ ಬಲ ನೀವು ಎಷ್ಟು ಒತ್ತುತ್ತೀರೋ ಅಷ್ಟೇ. ಇಟ್ಟಿಗೆ ಇದಕ್ಕೆ ಜಗ್ಗುತ್ತದೆ. ಕಾಂಕ್ರೀಟಿನ ಕಂಬ, ಬೀಮು, ಲಿಂಟಲ್ ಜಗ್ಗುವುದಿಲ್ಲ. ಪರದೆಯ ರಾಡು ಕೂರಬೇಕಾದದ್ದು ಕಿಟಕಿಯ ಮೇಲೆ, ಲಿಂಟಲ್ ಇರುವುದೂ ಅಲ್ಲೇ! ಹೊಸ ಡ್ರಿಲ್ ತಂದವರು ಮೊದಲ ದಿನವೇ ಸೋತು ಕೈಬಿಡುವುದು ಹೆಚ್ಚಾಗಿ ಈ ಜಾಗದಲ್ಲಿ. ತಪ್ಪು ಅವರ ತೋಳಿನದಲ್ಲ.

ಕಾಂಕ್ರೀಟಿಗೆ ಇರುವುದು ರೋಟರಿ ಹ್ಯಾಮರ್. ಅದರಲ್ಲಿ ಪಿಸ್ಟನ್ನೊಂದು ಗಾಳಿಯನ್ನು ಒತ್ತಿ, ಆ ಗಾಳಿಯ ಬಲದಿಂದ ಒಳಗಿನ ಸುತ್ತಿಗೆಯನ್ನು ಬಿಟ್ಟಿನ ಬೆನ್ನಿಗೆ ಬಡಿಯುತ್ತದೆ. ಪೆಟ್ಟು ನಿಮಿಷಕ್ಕೆ ನಾಲ್ಕೈದು ಸಾವಿರ ಮಾತ್ರ. ಆದರೆ ಪ್ರತಿ ಪೆಟ್ಟಿನಲ್ಲೂ ತೂಕವಿದೆ, ನೀವು ಮೈಭಾರ ಹಾಕಬೇಕಿಲ್ಲ. ಇದರ ಬಿಟ್‌ಗಳೇ ಬೇರೆ: ಎಸ್‌ಡಿಎಸ್ ಎಂದು ಕೇಳಿ ತರಬೇಕು, ಸಾಮಾನ್ಯ ಡ್ರಿಲ್ಲಿಗೆ ಅವು ಕೂರುವುದಿಲ್ಲ. ಎಲ್ಲ ಗೋಡೆಯೂ ಕಾಂಕ್ರೀಟಿನದೇ ಆಗಿರುವ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಇಂಪ್ಯಾಕ್ಟ್ ಡ್ರಿಲ್ಲಿಗೆ ದುಡ್ಡು ಹಾಕದೆ ನೇರವಾಗಿ ಇದನ್ನೇ ಕೊಳ್ಳುವುದು ಒಳ್ಳೆಯದು.

ಗೋಡೆ ಯಾವುದೆಂದು ಗೊತ್ತಿಲ್ಲವೇ? ಮರೆಯಾದ ಮೂಲೆಯಲ್ಲಿ ಒಂದು ಸಣ್ಣ ತೂತು ಹಾಕಿ, ಪ್ಲಾಸ್ಟರ್ ದಾಟಿದ ಮೇಲೆ ಉದುರುವ ಪುಡಿ ನೋಡಿ. ಕೆಂಪಾಗಿದ್ದರೆ ಸಾಮಾನ್ಯವಾಗಿ ಇಟ್ಟಿಗೆ. ಬೂದು ಬಣ್ಣವಿದ್ದು ಬಿಟ್ ಮುಂದೆ ಹೋಗಲು ಒಲ್ಲೆ ಎಂದರೆ ಕಾಂಕ್ರೀಟು. ಬೆಳ್ಳಗೆ ಹಿಟ್ಟಿನಂತೆ ಉದುರಿ, ಬಿಟ್ ಸಲೀಸಾಗಿ ಒಳಗಿಳಿದರೆ ಅದು ಎಎಸಿ, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಬ್ಲಾಕು. ಎಎಸಿಗೆ ಹ್ಯಾಮರ್ ಮೋಡ್ ಹಾಕಲೇಬಾರದು, ತೂತು ಅಗಲವಾಗಿ ಪ್ಲಗ್ ಕಳಚಿ ಬರುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲೂ ಒಳಗೆ ಪೊಳ್ಳು ಸಿಗುವುದುಂಟು, ಅಲ್ಲಿ ಉದ್ದನೆಯ ಪ್ಲಗ್ಗೇ ಬೇಕು.

ಮಷಿನ್ನಿಗಿಂತ ಹೆಚ್ಚು ಗಮನ ಬಿಟ್‌ಗೆ ಕೊಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡ್ರಿಲ್ಲಿನ ಜೊತೆ ಬರುವ ನೂರು ಸಾಮಾನಿನ ಪೆಟ್ಟಿಗೆ ನೋಡಲು ಚೆಂದ, ಅದರಲ್ಲಿ ಅರ್ಧಕ್ಕೆ ಕೆಲಸವೇ ಬೀಳುವುದಿಲ್ಲ. ತುದಿಗೆ ಕಾರ್ಬೈಡ್ ಇರುವ 6 ಮತ್ತು 8 ಮಿ.ಮೀ. ಬಿಟ್‌ಗಳನ್ನು ಒಳ್ಳೆಯ ಕಂಪನಿಯವು ನೋಡಿ ಬಿಡಿಯಾಗಿ ಕೊಂಡರೆ ಮನೆಯ ಮುಕ್ಕಾಲು ಕೆಲಸ ನಡೆಯುತ್ತದೆ. ಬಾತ್‌ರೂಮಿನ ಟೈಲ್ಸಿಗೆ ಈಟಿಯ ಮೊನೆಯಂಥ ತುದಿಯಿರುವ ಬೇರೆ ಬಿಟ್ ಬೇಕು. ಗಟ್ಟಿಯಾದ ವಿಟ್ರಿಫೈಡ್ ಟೈಲಾದರೆ ಡೈಮಂಡ್ ಬಿಟ್. ತೂತು ಬೀಳಬೇಕಾದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಹ್ಯಾಮರ್ ಆಫ್ ಮಾಡಿ, ನಿಧಾನ ವೇಗದಲ್ಲಿ ಶುರುಮಾಡಿ. ಟೈಲಿನ ದಪ್ಪ ದಾಟಿ ಬಿಟ್ ಹಿಂದಿನ ಸಿಮೆಂಟಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಗೋಡೆಯ ಬಿಟ್ ಹಾಕಿ. ಅವಸರಪಟ್ಟು ಮೊದಲೇ ಹ್ಯಾಮರ್ ಕೊಟ್ಟರೆ ಇಡೀ ಟೈಲು ಬಿರುಕು ಬಿಡುತ್ತದೆ, ಅದೇ ಬಣ್ಣದ ಇನ್ನೊಂದು ಟೈಲು ಸಿಗುವುದು ಕಷ್ಟ.

ಬ್ಯಾಟರಿ ಡ್ರಿಲ್ ಸ್ಕ್ರೂ ಬಿಗಿಯಲು, ಪ್ಲೈವುಡ್ಡಿನ ಬೀರು ಜೋಡಿಸಲು ಬಹಳ ಹಿತ. ಆದರೆ ಡಬ್ಬದ ಮೇಲಿನ ವೋಲ್ಟನ್ನು ನಂಬುವ ಮೊದಲು ಲೆಕ್ಕ ಹಾಕಿ. ಇವುಗಳಲ್ಲಿ ಸಾಮಾನ್ಯವಾಗಿರುವ ಲಿಥಿಯಂ ಸೆಲ್ ಒಂದಕ್ಕೆ ಸರಾಸರಿ 3.6 ವೋಲ್ಟ್, ಐದು ಸೆಲ್ ಸಾಲಾಗಿ ಸೇರಿದರೆ 18. ಪೂರ್ತಿ ಚಾರ್ಜಾದ ಗಳಿಗೆಯಲ್ಲಿ ಅದೇ ಬ್ಯಾಟರಿ 20ರ ಮೇಲೆ ತೋರಿಸುತ್ತದೆ, ಹಾಗಾಗಿ ‘20 ವೋಲ್ಟ್ ಮ್ಯಾಕ್ಸ್’ ಎಂಬುದೂ 18 ವೋಲ್ಟೂ ಒಂದೇ. ಐದೇ ಸೆಲ್ಲಿನ ಬ್ಯಾಟರಿಯ ಮೇಲೆ 48, 88 ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ.

ನಾಲ್ಕಿಂಚಿನ ಗ್ರೈಂಡರಿನ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಡ್ರಿಲ್ಲಿಗಿಂತ ಅಗ್ಗವಾಗಿಯೂ ಸಿಗುತ್ತದೆ, ಕಬ್ಬಿಣ, ಕಲ್ಲು ಎಲ್ಲವನ್ನೂ ಕತ್ತರಿಸುತ್ತದೆ. ಅದಕ್ಕೇ ಜನ ಕೊಂಡುಬಿಡುತ್ತಾರೆ. ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಡಿಸ್ಕಿನ ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ. ದೊಡ್ಡ ಡಿಸ್ಕ್ ಕೂರಿಸಲೆಂದು ಗಾರ್ಡ್ ಬಿಚ್ಚುವುದು, ಮರ ಕೊಯ್ಯಲು ಹಲ್ಲಿನ ಬ್ಲೇಡ್ ಹಾಕುವುದು ಎರಡೂ ಪ್ರಾಣಕ್ಕೆ ಸಂಚಕಾರ: ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣ ಮಷಿನ್ ಕೈಯಿಂದ ಕಿತ್ತುಕೊಂಡು ಮೈಮೇಲೆ ಎಗರುತ್ತದೆ. ವರ್ಷಕ್ಕೊಮ್ಮೆ ಬೀಳುವ ಕೆಲಸಕ್ಕೆ ಗ್ರೈಂಡರ್ ಕೊಳ್ಳಬೇಡಿ, ಬಳಸಿ ಪಳಗಿದವರನ್ನು ಕರೆಸಿ. ರೋಟರಿ ಹ್ಯಾಮರ್, ಮಾರ್ಬಲ್ ಕಟರ್ ಕೆಲವು ಅಂಗಡಿಗಳಲ್ಲಿ ದಿನದ ಬಾಡಿಗೆಗೂ ಸಿಗುತ್ತವೆ.

ಕಾರ್ಬನ್ ಬ್ರಷ್ ಇರುವ ಯಾವ ಮಷಿನ್ನೇ ಆಗಲಿ, ಕೊಳ್ಳುವಾಗ ಆ ಬ್ರಷ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಅದು ಸವೆಯುವ ಸಾಮಾನು. ಸಿಗದಿದ್ದರೆ ಒಳ್ಳೆಯ ಮೋಟಾರೂ ಗುಜರಿಗೆ ಹೋಗುತ್ತದೆ. ಕೊರೆಯಲು ನಿಂತಾಗ ಸೆರಗು, ದುಪಟ್ಟಾ, ಸಡಿಲ ತೋಳು ಕಟ್ಟಿಕೊಳ್ಳಿ, ತಿರುಗುವ ಬಿಟ್ಟಿನ ಹತ್ತಿರ ಬಟ್ಟೆಯ ಗ್ಲೌಸ್ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಇರಲಿ, ಏಕೆಂದರೆ ಕಾಂಕ್ರೀಟಿನ ಪುಡಿಯಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ವೈರಿನ ಪೈಪು ಹೋಗಿರಬಹುದು; ನಲ್ಲಿಯ ನೇರಕ್ಕೆ ನೀರಿನ ಪೈಪು. ಆ ಗೆರೆಗಳನ್ನು ಬಿಟ್ಟು ಗುರುತು ಹಾಕಿ. ಮನೆಯಲ್ಲಿ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ, ಡ್ರಿಲ್ ಪ್ಲಗ್ಗಿಗೆ ಹಾಕುವ ಮೊದಲು ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತದೆಯೇ ನೋಡಿ.