64 ಮನೆ ಡೈರಿ, ಭಾಗ 6: ಭಯಕ್ಕೆ ಡ್ರಾ ಕೇಳಬೇಡಿ

ಫ್ರೆಂಡ್ಸ್, ಕೊನೇ ರೌಂಡ್ ಕಥೆ ಹೇಳ್ತೀನಿ ಅಂದಿದ್ನಲ್ಲ, ಇವತ್ತು ಅದೇ. ಗ್ರ್ಯಾಂಡ್‌ಮಾಸ್ಟರ್ ಆಟ ಏನಲ್ಲ. ರೇಟಿಂಗ್ 1500ರ ಆಸುಪಾಸಿನ ಇಬ್ಬರದು. ಒಬ್ಬ ನಾನು, ಎದುರಿಗೆ ನಮ್ಮಪ್ಪನ ವಯಸ್ಸಿನ ಒಬ್ಬ ಅಂಕಲ್.

ಮೂರು ಗಂಟೆ ಆಡಿದ ಮೇಲೆ ಬೋರ್ಡ್ ಮೇಲೆ ಉಳಿದಿದ್ದು ಇಷ್ಟೇ. ನನ್ನ ರಾಜ ಜಿ8, ಪಾನ್ ಜಿ7, ರೂಕ್ ಎಫ್1. ಅವರ ರಾಜ ಇ7, ರೂಕ್ ಎಚ್2. ಪಾನ್ ಕ್ವೀನ್ ಆಗೋಕೆ ಒಂದೇ ಮನೆ ಬಾಕಿ, ಆದ್ರೆ ಆ ಮನೇಲಿ ನನ್ನ ರಾಜನೇ ಸಿಕ್ಕಿಹಾಕ್ಕೊಂಡಿದ್ದಾನೆ. ಗಡಿಯಾರದಲ್ಲಿ ನನಗೆ 11 ನಿಮಿಷ ಇತ್ತು. ಅರ್ಧ ನಿಮಿಷನೂ ಯೋಚಿಸಲಿಲ್ಲ. ರೂಕನ್ನ ಎಫ್3ಗೆ ಇಟ್ಟು, "ಡ್ರಾ, ಸರ್?" ಅಂದೆ. ಅವರು ತಕ್ಷಣ ಕೈ ಕುಲುಕಿದ್ರು.

ಆಮೇಲೆ ನಗ್ತಾ ಹೇಳಿದ್ರು: "ಯಾಕಪ್ಪಾ ಕೇಳ್ದೆ? ಇನ್ನೊಂದೇ ಮನೆ ಮುಂದೆ, ಎಫ್4ಗೆ ಇಟ್ಟಿದ್ರೆ ನಾನೇ ಆಟ ಬಿಡ್ತಿದ್ದೆ."

ಆಡಿ ತೋರಿಸಿದ್ರು. ರೂಕ್ ಎಫ್4. ಆಮೇಲೆ ಇ4ರಲ್ಲಿ ಚೆಕ್ ಕೊಟ್ಟು ಅವರ ರಾಜನ್ನ ದೂರ ಓಡಿಸೋದು. ನನ್ನ ರಾಜ ಹೊರಗೆ ಬರ್ತಾನೆ. ಅವರು ಹಿಂದಿನಿಂದ ಚೆಕ್ ಕೊಡ್ತಾ ಹೋದ್ರೆ ಕೊನೆಗೆ ಜಿ4ರಲ್ಲಿ ನನ್ನ ರೂಕ್ ಅಡ್ಡ ನಿಲ್ಲತ್ತೆ. ಕಥೆ ಮುಗೀತು. ಇದಕ್ಕೆ ಲುಸೇನಾ ಪೊಸಿಷನ್ ಅಂತಾರೆ. ತಮಾಷೆ ಏನಂದ್ರೆ, 1497ರ ಲುಸೇನಾ ಪುಸ್ತಕದಲ್ಲಿ ಇದು ಇಲ್ವೇ ಇಲ್ಲ, 1634ರ ಸಾಲ್ವಿಯೋ ಪುಸ್ತಕದಲ್ಲಿದೆ!

ಇದು ಗೊತ್ತಿಲ್ದೇ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಬೇರೆ ಕಾರಣಕ್ಕೆ. ಅವರ ಹತ್ರ ಒಂದು ಪಾನ್ ಕೂಡ ಇರ್ಲಿಲ್ಲ. ನನ್ನ ಪಾನ್ ಹೋಗಿದ್ರೂ, ರೂಕ್ ಕಳ್ಕೊಳ್ಳದೇ ಇದ್ರೆ ಅದು ಡ್ರಾನೇ. ಅಂದ್ರೆ ಆಗಬಹುದಾದ ಕೆಟ್ಟ ರಿಸಲ್ಟನ್ನೇ ನಾನು ಬಾಯಿಬಿಟ್ಟು ಕೇಳಿ ತಗೊಂಡೆ.

"ಅರ್ಧ ಪಾಯಿಂಟ್ ಸೇಫ್ ಆಯ್ತಲ್ಲ ಮಗಾ" ಅಂತ ನಮ್ಮ ಗ್ಯಾಂಗ್ ಸಮಾಧಾನ ಮಾಡ್ತು. ನಾನು ಒಪ್ಪಲ್ಲ. ಪೊಸಿಷನ್ ನಿಜವಾಗ್ಲೂ ಸಮ ಇದ್ರೆ ಡ್ರಾ ಕೇಳೋದು ಮರ್ಯಾದೆ. ಟೆನ್ಷನ್ ತಡೆಯೋಕಾಗದೆ ಕೇಳಿದ್ರೆ ಅದು ಓಡಿಹೋಗೋದು. ಕೇಳೋ ಮೊದಲು ಒಂದೇ ಪ್ರಶ್ನೆ: ಇನ್ನೂ ಆಡಿದ್ರೆ ನಾನು ಕಳ್ಕೊಳ್ಳೋದೇನು? ಉತ್ತರ "ಏನೂ ಇಲ್ಲ" ಅಂತಾದ್ರೆ ಬಾಯಿ ಮುಚ್ಕೊಂಡು ಕೂತು ಆಡಿ.

ಸ್ಕೋರ್‌ಶೀಟ್ ಇನ್ನೂ ಬ್ಯಾಗಲ್ಲೇ ಇದೆ. ಫೋಟೋದಲ್ಲಿ ಎಫ್3 ಪಕ್ಕ ಕಾಣೋ ಆ ಸಮ ಚಿಹ್ನೆ ನಾನೇ ಬರೆದಿದ್ದು.

ನೀವು ಹೀಗೆ ಕೈಯಾರೆ ಬಿಟ್ಟುಕೊಟ್ಟ ಆಟ ಯಾವುದು? ಕಮೆಂಟಲ್ಲಿ ಹೇಳಿ.