ಉಗುರು ಸಾಕೋ, ಕೊಡಲಿ ಬೇಕೋ?

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊಡವೆಯ ಬಗ್ಗೆ ಮಾತನಾಡುವುದೇ ಒಂದು ಬಗೆಯ ಮುಜುಗರ. ಅದು ಹದಿಹರೆಯದ ಲಕ್ಷಣ, ವಯಸ್ಸು ಮಾಗಿದಂತೆ ತಾನಾಗಿಯೇ ಮಾಯವಾಗುವಂಥದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹಾಗಾಗಿ ವಯಸ್ಕರ ಮುಖದಲ್ಲಿ ಮೊಡವೆ ಕಾಣಿಸಿಕೊಂಡರೆ ‘ಉಷ್ಣ ಹೆಚ್ಚಾಗಿದೆ’, ‘ಕರಿದದ್ದು ತಿನ್ನಬೇಡಿ’, ‘ನಿದ್ದೆಗೆಡಬೇಡಿ’ ಎಂಬ ಪುಕ್ಕಟೆ ಸಲಹೆಗಳು ದಂಡಿಯಾಗಿ ಬರುತ್ತವೆ. ವಾಸ್ತವ ಬೇರೆಯೇ ಇದೆ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಇಪ್ಪತ್ತರ ಹರೆಯದ ಮಹಿಳೆಯರಲ್ಲಿ ಅರ್ಧದಷ್ಟು, ಮೂವತ್ತರ ಹರೆಯದವರಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು, ನಲವತ್ತರ ಹರೆಯದವರಲ್ಲಿಯೂ ಕಾಲು ಭಾಗದಷ್ಟು ಮಂದಿ ತಮಗೆ ಮೊಡವೆ ಇದೆ ಎಂದು ಹೇಳಿಕೊಂಡಿದ್ದರು.

ನಮ್ಮ ಮನೆಯಲ್ಲಿಯೇ ಇಬ್ಬರಿದ್ದೆವು: ನಾನು ಮತ್ತು ನನ್ನ ತಂಗಿಯ ಮಗಳು. ಒಂದೇ ವರ್ಷದಲ್ಲಿ ಇಬ್ಬರೂ ಒಬ್ಬರೇ ಚರ್ಮರೋಗ ತಜ್ಞೆಯ ಬಳಿ ಹೋದೆವು. ಅವರು ನನಗೆ ಬರೆದುಕೊಟ್ಟದ್ದು ರಾತ್ರಿ ಹಚ್ಚುವ ಮುಲಾಮು ಮತ್ತು ಒಂದು ಹಳೆಯ ಮಾತ್ರೆ. ಅವಳಿಗೆ ಬರೆದುಕೊಟ್ಟದ್ದು ಐಸೊಟ್ರೆಟಿನಾಯಿನ್. ಈ ಹೆಸರು ಕೇಳಿದೊಡನೆ ಬಂಧುಗಳ ವಲಯದಲ್ಲಿ ತಲ್ಲಣ ಉಂಟಾಯಿತು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?’ ಎಂದು ನನ್ನ ತಾಯಿ ಕೇಳಿದರು. ಗಾದೆ ಸರಿಯಾಗಿಯೇ ಇದೆ. ಆದರೆ ಅದನ್ನು ಅನ್ವಯಿಸುವ ಮುನ್ನ ಎದುರಿಗಿರುವುದು ನಿಜಕ್ಕೂ ಉಗುರಿನಲ್ಲಿ ಹೋಗುವಂಥದ್ದೇ ಎಂದು ನೋಡಬೇಕಲ್ಲವೇ? ಈ ಲೇಖನದ ಪ್ರಶ್ನೆ ಅದು.

ಮೊದಲು ಕೊಡಲಿಯನ್ನು ಸರಿಯಾಗಿ ನೋಡೋಣ. ಐಸೊಟ್ರೆಟಿನಾಯಿನ್ ‘ಎ’ ಜೀವಸತ್ವದ ಸಂಬಂಧಿ. ಮೊಡವೆಗೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ: ಚರ್ಮದ ಎಣ್ಣೆ ಗ್ರಂಥಿಗಳ ಅತಿಸ್ರಾವ, ರೋಮಕೂಪದ ಬಾಯಿ ಕಟ್ಟಿಕೊಳ್ಳುವುದು, ಅಲ್ಲಿ ಬೀಡುಬಿಡುವ ಬ್ಯಾಕ್ಟೀರಿಯಾ ಮತ್ತು ಉರಿಯೂತ. ಈ ನಾಲ್ಕರ ಮೇಲೂ ಪರಿಣಾಮ ಬೀರುವ ಔಷಧ ಇದೊಂದೇ. ಎಣ್ಣೆ ಗ್ರಂಥಿಗಳನ್ನೇ ಇದು ಕುಗ್ಗಿಸಿಬಿಡುತ್ತದೆ. 1979ರಲ್ಲಿ ಗ್ಯಾರಿ ಪೆಕ್ ಮತ್ತು ಸಂಗಡಿಗರು ಬೇರಾವ ಚಿಕಿತ್ಸೆಗೂ ಬಗ್ಗದ ತೀವ್ರ ಮೊಡವೆಯ ಹದಿನಾಲ್ಕು ರೋಗಿಗಳಿಗೆ ಇದನ್ನು ಕೊಟ್ಟರು. ಹದಿಮೂರು ಮಂದಿಯ ಚರ್ಮ ಸಂಪೂರ್ಣವಾಗಿ ತಿಳಿಯಾಯಿತು. ಮಾತ್ರೆ ನಿಲ್ಲಿಸಿದ ಮೇಲೂ ಆ ಸ್ಥಿತಿ ಉಳಿಯಿತೆಂಬುದೇ ವೈದ್ಯಲೋಕವನ್ನು ಬೆರಗಾಗಿಸಿದ ಸಂಗತಿ. 1982ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು.

ಮೂರೇ ವರ್ಷಗಳಲ್ಲಿ ಇನ್ನೊಂದು ಮುಖ ಬಯಲಾಯಿತು. 1985ರಲ್ಲಿ ಎಡ್ವರ್ಡ್ ಲ್ಯಾಮರ್ ಮತ್ತು ಸಹೋದ್ಯೋಗಿಗಳು, ಈ ಮಾತ್ರೆ ಸೇವಿಸುತ್ತಿದ್ದಾಗ ಗರ್ಭ ಧರಿಸಿದ 154 ಪ್ರಕರಣಗಳ ವಿವರವನ್ನು ಪ್ರಕಟಿಸಿದರು. ಅವುಗಳಲ್ಲಿ 95 ಗರ್ಭಗಳನ್ನು ತೆಗೆಸಲಾಗಿತ್ತು, 12 ಗರ್ಭಪಾತವಾಗಿದ್ದವು. ಜನಿಸಿದ ಶಿಶುಗಳಲ್ಲಿ 21 ಮಕ್ಕಳಿಗೆ ಕಿವಿ, ಮುಖ, ಹೃದಯ, ಮಿದುಳಿನ ಗಂಭೀರ ವಿಕಲತೆಗಳಿದ್ದವು. ಗರ್ಭಿಣಿಗೆ ಈ ಮಾತ್ರೆಯನ್ನು ಕೊಡಲೇಬಾರದು ಎಂಬ ಬಗ್ಗೆ ಅಂದಿನಿಂದ ಇಂದಿನವರೆಗೆ ಎರಡು ಮಾತಿಲ್ಲ.

ಉಳಿದ ದುಷ್ಪರಿಣಾಮಗಳನ್ನೂ ಅವುಗಳ ಅಳತೆಯಲ್ಲಿಯೇ ನೋಡಬೇಕು. ತುಟಿ ಒಣಗಿ ಬಿರಿಯುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ಕಣ್ಣು, ಮೂಗು ಒಣಗುತ್ತವೆ. ಕೆಲವರಲ್ಲಿ ರಕ್ತದ ಕೊಬ್ಬಿನ ಅಂಶ, ಯಕೃತ್ತಿನ ಕಿಣ್ವಗಳು ಏರುವುದರಿಂದ ರಕ್ತಪರೀಕ್ಷೆ ಬೇಕಾಗುತ್ತದೆ. ಖಿನ್ನತೆಯ ಭಯ ದೊಡ್ಡದು. 1998ರಲ್ಲಿ ಅಮೆರಿಕದಲ್ಲಿ ಔಷಧದ ಮಾಹಿತಿಪತ್ರಕ್ಕೆ ಈ ಕುರಿತ ಎಚ್ಚರಿಕೆ ಸೇರಿತು. ಅನಂತರದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆ, ಸಮುದಾಯದ ಮಟ್ಟದಲ್ಲಿ ಅಂಥ ಅಪಾಯದ ಹೆಚ್ಚಳ ಕಂಡುಬಂದಿಲ್ಲ ಎಂದಿತು. ಹಾಗೆಂದು ಯಾವುದೋ ಒಬ್ಬ ವ್ಯಕ್ತಿಯಲ್ಲಿ ಹಾಗಾಗದು ಎಂದು ಯಾರೂ ಭರವಸೆ ಕೊಡಲಾರರು. ಅದೇ ವರ್ಷ ಬ್ರಿಟನ್ ಹದಿನೆಂಟು ತುಂಬದವರಿಗೆ ಇದನ್ನು ಕೊಡಲು ಇಬ್ಬರು ತಜ್ಞರ ಒಪ್ಪಿಗೆ ಬೇಕೆಂಬ ನಿಯಮ ತಂದಿತು. ಮನೆಯವರು ಮನಸ್ಸಿನ ಏರುಪೇರಿನ ಮೇಲೆ ಕಣ್ಣಿಟ್ಟಿರುವುದು ವಿವೇಕ. ಮಾತ್ರೆಯ ಹೆಸರು ಕೇಳಿಯೇ ಬೆಚ್ಚುವುದು ವಿವೇಕವಲ್ಲ.

ಇನ್ನು ಉಗುರಿನ ವಿಷಯ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್, ಅಜೆಲಾಯಿಕ್ ಆಮ್ಲದಂಥ ಹಚ್ಚುವ ಔಷಧಗಳು ಸೌಮ್ಯವಾದವು, ಸಾಧಾರಣ ಮೊಡವೆಗೆ ಸಾಕಷ್ಟು ಸಮರ್ಥವಾದವು. ಅವುಗಳ ತೊಂದರೆಯೆಂದರೆ ಅವು ತಾಳ್ಮೆಯನ್ನು ಬೇಡುತ್ತವೆ. ಎರಡು ಮೂರು ತಿಂಗಳು ಬಿಡದೆ ಹಚ್ಚಿದ ಮೇಲೆಯೇ ಫಲವನ್ನು ಅಳೆಯಬೇಕು. ಮೊದಲ ವಾರಗಳಲ್ಲಿ ಉರಿ, ಸಿಪ್ಪೆ ಏಳುವುದು ಸಾಮಾನ್ಯ. ಹದಿನೈದು ದಿನಕ್ಕೆ ಬೇಸತ್ತು ಮುಲಾಮು ಬದಲಿಸುವವರೇ ನಮ್ಮಲ್ಲಿ ಹೆಚ್ಚು. ಹಾಗೆ ಬದಲಿಸುತ್ತಾ ಹೋದವರಲ್ಲಿ ನಾನೂ ಒಬ್ಬಳು.

ನನ್ನ ತಪ್ಪನ್ನು ಇಲ್ಲಿ ಹೇಳಲೇಬೇಕು. ವೈದ್ಯರ ಬಳಿ ಹೋಗಲು ನಾಚಿ, ಬಡಾವಣೆಯ ಔಷಧದಂಗಡಿಯಲ್ಲಿ ‘ಮೊಡವೆಗೆ ಏನಾದರೂ ಕೊಡಿ’ ಎಂದು ಕೇಳಿದೆ. ಅವರು ಕೊಟ್ಟ ಸಣ್ಣ ಟ್ಯೂಬು ನಾಲ್ಕೇ ದಿನದಲ್ಲಿ ಪವಾಡ ಮಾಡಿತು. ಮುಖ ನುಣುಪಾಯಿತು, ಬಣ್ಣವೂ ತಿಳಿಯಾದಂತೆ ಕಂಡಿತು. ಎರಡು ವರ್ಷ ಹಚ್ಚಿದೆ. ನಿಲ್ಲಿಸಿದ ದಿನವೆಲ್ಲ ಮುಖ ಕೆಂಪೇರಿ ಉರಿಯುತ್ತಿತ್ತು, ಮೊಡವೆ ಇಮ್ಮಡಿಯಾಗುತ್ತಿತ್ತು. ಮತ್ತೆ ಹಚ್ಚುತ್ತಿದ್ದೆ. ಅದು ಸ್ಟೆರಾಯ್ಡ್ ಎಂದು ತಿಳಿದದ್ದು ವೈದ್ಯೆ ಟ್ಯೂಬನ್ನು ತಿರುಗಿಸಿ ಓದಿ ಹೇಳಿದಾಗ. ನನ್ನಂಥವರು ಅಪರೂಪವಲ್ಲ. ದೇಶದ ಹಲವು ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗಾಗಿ ಬಂದ 2926 ರೋಗಿಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ 433 ಮಂದಿ ಸ್ಟೆರಾಯ್ಡ್ ಮುಲಾಮು ಹಚ್ಚುತ್ತಿದ್ದವರೇ. ಬಿಳುಪಾಗಬೇಕೆಂಬ ಆಸೆ ಮತ್ತು ಮೊಡವೆ ಇದಕ್ಕೆ ಮುಖ್ಯ ಕಾರಣಗಳಾಗಿದ್ದವು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದನ್ನು ಓದುಗರೇ ತಮ್ಮ ಅನುಭವದಿಂದ ಹೇಳಬಲ್ಲರು.

ಇಲ್ಲಿ ಒಂದು ವೈಪರೀತ್ಯವನ್ನು ಗಮನಿಸಬೇಕು. ನಲವತ್ತು ವರ್ಷಗಳ ಅಧ್ಯಯನವಿರುವ, ಅಪಾಯ ಯಾವುದು, ಯಾವಾಗ, ಯಾರಿಗೆ ಎಂದು ಸ್ಪಷ್ಟವಾಗಿ ತಿಳಿದಿರುವ ಮಾತ್ರೆಗೆ ನಾವು ಹೆದರುತ್ತೇವೆ. ಹೆಸರನ್ನೂ ಓದದ ಟ್ಯೂಬನ್ನು ‘ಬರೀ ಹಚ್ಚುವುದಲ್ಲವೇ’ ಎಂದು ನಿಶ್ಚಿಂತೆಯಿಂದ ಬಳಸುತ್ತೇವೆ. ಆ್ಯಂಟಿಬಯಾಟಿಕ್ ಮಾತ್ರೆಗಳ ಕಥೆಯೂ ಇದೇ. ಡಾಕ್ಸಿಸೈಕ್ಲಿನ್ ಅನ್ನು ಮೂರು ನಾಲ್ಕು ತಿಂಗಳಿಗೆ ಮೀರದಂತೆ, ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುತ್ತಾ ಸೇವಿಸಬೇಕು. ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ನುಂಗಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ನಾವೇ ಸಾಕಿದಂತೆ. ನಿಂಬೆರಸ, ಅಡುಗೆ ಸೋಡಾದಂಥ ‘ನೈಸರ್ಗಿಕ’ ಉಪಚಾರಗಳಿಂದ ಮುಖ ಸುಟ್ಟುಕೊಂಡವರೂ ಇದ್ದಾರೆ. ನಮ್ಮಂಥ ಬಣ್ಣದ ಚರ್ಮದಲ್ಲಿ ಉರಿದ ಜಾಗವೆಲ್ಲ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೌಮ್ಯವೆಂದು ಕರೆದ ಮಾತ್ರಕ್ಕೆ ಯಾವುದೂ ಸೌಮ್ಯವಾಗುವುದಿಲ್ಲ.

ನನಗೆ ಕೊಡಲಿ ಬೇಕಾಗಲಿಲ್ಲ. ದವಡೆಯ ಅಂಚಿನಲ್ಲಿ, ಮುಟ್ಟಿನ ಹಿಂದಿನ ವಾರದಲ್ಲಿ ಏಳುತ್ತಿದ್ದ ಮೊಡವೆ ಹಾರ್ಮೋನಿಗೆ ಸಂಬಂಧಿಸಿದ್ದು ಎಂದರು ವೈದ್ಯೆ. ರಕ್ತದೊತ್ತಡಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನು ಕೊಟ್ಟರು. ಬ್ರಿಟನ್‌ನಲ್ಲಿ 410 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ಇದರ ಉಪಯೋಗವನ್ನು ಖಚಿತಪಡಿಸಿದೆ. ಹನ್ನೆರಡು ವಾರಕ್ಕಿಂತ ಇಪ್ಪತ್ತನಾಲ್ಕು ವಾರದಲ್ಲಿ ಫಲ ಹೆಚ್ಚು ಎಂಬುದೂ ಅದರಲ್ಲಿ ಕಂಡಿತು. ಈ ಮಾತ್ರೆಯನ್ನೂ ಗರ್ಭಿಣಿಯರು ಸೇವಿಸುವಂತಿಲ್ಲ, ಪುರುಷರ ಮೊಡವೆಗೆ ಇದು ಸಲ್ಲದು. ನನ್ನ ಮುಖ ತಿಳಿಯಾಗಲು ಏಳು ತಿಂಗಳು ಹಿಡಿಯಿತು. ಅಷ್ಟು ಕಾಯಲು ನನಗೆ ಸಾಧ್ಯವಿತ್ತು, ಏಕೆಂದರೆ ನನ್ನ ಮೊಡವೆ ಕುಳಿ ಬೀಳಿಸುತ್ತಿರಲಿಲ್ಲ.

ತಂಗಿಯ ಮಗಳದ್ದು ಹಾಗಲ್ಲ. ಅವಳ ಕೆನ್ನೆಯ ಮೇಲೆ ನೋಯುವ ಗಂಟುಗಳಿದ್ದವು. ಒಂದೊಂದು ಒಣಗಿದಾಗಲೂ ಒಂದೊಂದು ಗುಳಿ ಉಳಿಯುತ್ತಿತ್ತು. ಮುಲಾಮು, ಆ್ಯಂಟಿಬಯಾಟಿಕ್ ಎರಡನ್ನೂ ನಿಯಮದಂತೆ ಮುಗಿಸಿದ್ದಳು. ಕಚೇರಿಯ ವಿಡಿಯೊ ಸಭೆಗಳಲ್ಲಿ ಕ್ಯಾಮೆರಾ ಮುಚ್ಚಿಟ್ಟು ಕೂರುತ್ತಿದ್ದಳು. ‘ಇನ್ನಷ್ಟು ದಿನ ನೋಡೋಣ’ ಎಂಬುದು ಅವಳ ಪಾಲಿಗೆ ಸೌಮ್ಯ ಮಾತಾಗಿರಲಿಲ್ಲ, ಕಾದ ಪ್ರತಿ ತಿಂಗಳೂ ಅಳಿಸಲಾಗದ ಗುರುತನ್ನು ಬಿಡುತ್ತಿತ್ತು. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿ ತೀವ್ರ ಮೊಡವೆಯ ಜೊತೆಗೆ, ಕುಳಿ ಬೀಳಿಸುವ ಅಥವಾ ಮನಸ್ಸನ್ನು ಕುಗ್ಗಿಸುವ ಮೊಡವೆಗೂ, ಬೇರೆ ಚಿಕಿತ್ಸೆಗೆ ಬಗ್ಗದ್ದಕ್ಕೂ ಐಸೊಟ್ರೆಟಿನಾಯಿನ್ ಸೂಕ್ತ ಎನ್ನುತ್ತದೆ. ಔಷಧವನ್ನು ತೂಗುವಾಗ ಅದರ ಅಪಾಯವನ್ನು ಒಂದು ತಟ್ಟೆಯಲ್ಲಿಟ್ಟರೆ, ಕೊಡದೇ ಇರುವುದರ ನಷ್ಟವನ್ನು ಇನ್ನೊಂದು ತಟ್ಟೆಯಲ್ಲಿಡಬೇಕು. ನಮ್ಮ ಮನೆಗಳಲ್ಲಿ ಆ ಎರಡನೆಯ ತಟ್ಟೆ ಖಾಲಿಯೇ ಇರುತ್ತದೆ.

ನಿಜವಾದ ಕಷ್ಟ ಎದುರಾದದ್ದು ಆಮೇಲೆ. ಅವಳ ಮದುವೆ ನಿಶ್ಚಯವಾಗಿತ್ತು, ಎಂಟು ತಿಂಗಳಿತ್ತು. ವೈದ್ಯೆ ಮಾತ್ರೆ ಬರೆಯುವ ಮುನ್ನ ಗರ್ಭಪರೀಕ್ಷೆ ಮಾಡಿಸಿ ಎಂದರು. ನನ್ನ ತಂಗಿಯ ಮುಖ ಬಿಗಿಯಿತು. ‘ಅಕ್ಕಾ, ಮದುವೆಯಾಗದ ಹುಡುಗಿಗೆ ಇದೆಂಥ ಪರೀಕ್ಷೆ?’ ಎಂದು ಹೊರಗೆ ಬಂದು ಅತ್ತಳು. ವೈದ್ಯೆ ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯೊಬ್ಬಳೊಡನೆ ಹತ್ತು ನಿಮಿಷ ಮಾತನಾಡಿದ್ದು ಅವಳಿಗೆ ಇನ್ನಷ್ಟು ಅವಮಾನವೆನಿಸಿತು. ನನಗೆ ಮಾತ್ರ ಆ ಹತ್ತು ನಿಮಿಷಕ್ಕಾಗಿ ಆ ವೈದ್ಯೆಯ ಮೇಲೆ ಗೌರವ ಹೆಚ್ಚಿತು. ‘ಮದುವೆಯಾಗಿದೆಯೇ?’ ಎಂಬ ಪ್ರಶ್ನೆಯನ್ನೇ ಗರ್ಭಪರೀಕ್ಷೆಯ ಬದಲಿಗೆ ಬಳಸುವ ನಮ್ಮ ರೂಢಿ ಸಭ್ಯವಾಗಿ ಕಾಣಬಹುದು. ಆದರೆ ಈ ಮಾತ್ರೆ ಸಭ್ಯತೆಯನ್ನು ಲೆಕ್ಕಿಸುವುದಿಲ್ಲ.

ಮದುವೆಗೆ ಮುನ್ನ ಮುಖ ತಿಳಿಯಾಗಬೇಕು, ಮದುವೆಯಾದ ಕೂಡಲೇ ಸಿಹಿ ಸುದ್ದಿ ಬರಬೇಕು. ಈ ಎರಡು ಒತ್ತಾಯಗಳ ನಡುವೆ ನಿಂತ ಹೆಣ್ಣುಮಕ್ಕಳೇ ಇಲ್ಲಿ ಅಪಾಯದ ಅಂಚಿನಲ್ಲಿರುವವರು. ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಳೆಯುವವರೆಗೆ ಗರ್ಭ ಧರಿಸಕೂಡದು. ರಕ್ತದಾನವನ್ನೂ ಆ ಅವಧಿಯಲ್ಲಿ ಮಾಡಕೂಡದು, ಏಕೆಂದರೆ ಆ ರಕ್ತ ಗರ್ಭಿಣಿಯೊಬ್ಬಳಿಗೆ ಹೋಗಬಹುದು. ಚರ್ಮ ತೆಳುವಾಗಿ ಕಿತ್ತು ಬರುವುದರಿಂದ ವ್ಯಾಕ್ಸಿಂಗ್ ಕೂಡ ಸಲ್ಲದು. ಮದುಮಗಳನ್ನು ಅಲಂಕರಿಸುವವರಿಗೆ ಇದನ್ನು ತಿಳಿಸಬೇಕು. ವೈದ್ಯೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೊನೆಯ ಮಾತ್ರೆಯ ದಿನವನ್ನು ಮುಹೂರ್ತಕ್ಕಿಂತ ಏಳು ವಾರ ಮೊದಲಿಗೆ ನಿಗದಿಪಡಿಸಿದರು.

ಅಮೆರಿಕದಲ್ಲಿ 2006ರಿಂದ ‘ಐಪ್ಲೆಡ್ಜ್’ ಎಂಬ ನೋಂದಣಿ ವ್ಯವಸ್ಥೆ ಇದೆ. ವೈದ್ಯರು, ಔಷಧದಂಗಡಿ, ರೋಗಿ ಎಲ್ಲರೂ ಅದರಲ್ಲಿ ನೋಂದಾಯಿಸಬೇಕು. ಅದನ್ನು ಹಾಗೆಯೇ ನಕಲು ಮಾಡಬೇಕೆಂದು ನಾನು ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಅದರ ಜಾಲತಾಣ ಬದಲಾದಾಗ ಅಸಂಖ್ಯ ರೋಗಿಗಳಿಗೆ ಮಾತ್ರೆಯೇ ಸಿಗದೆ ಪರದಾಡುವಂತಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಯಂತ್ರ ಬೇಡ, ಮೂರು ಸಣ್ಣ ಕೆಲಸ ಸಾಕು. ಔಷಧದಂಗಡಿಗಳು ಹಳೆಯ ಚೀಟಿಗೆ ಈ ಮಾತ್ರೆ ಕೊಡಬಾರದು. ಅಪಾಯವನ್ನು ಕನ್ನಡದಲ್ಲಿ ಬರೆದ ಒಂದು ಪುಟದ ಹಾಳೆಗೆ ರೋಗಿಯ ಸಹಿ ಪಡೆದೇ ಚಿಕಿತ್ಸೆ ಆರಂಭಿಸಬೇಕು. ಇಂಗ್ಲಿಷಿನ ಸಣ್ಣ ಅಕ್ಷರದ ಎಚ್ಚರಿಕೆ ಯಾರನ್ನೂ ಎಚ್ಚರಿಸುವುದಿಲ್ಲ. ಮೂರನೆಯದಾಗಿ, ವಯಸ್ಕ ಮಹಿಳೆಯೊಡನೆ ವೈದ್ಯರು ಏಕಾಂತದಲ್ಲಿ ಮಾತನಾಡುವುದನ್ನು ಮನೆಯವರು ಸಹಜವೆಂದು ಒಪ್ಪಿಕೊಳ್ಳಬೇಕು. ಮೊದಲೆರಡನ್ನು ಸರ್ಕಾರ ಮತ್ತು ವೈದ್ಯರ ಸಂಘಗಳು ಮಾಡಬಹುದು. ಮೂರನೆಯದು ನಮ್ಮಿಂದಲೇ ಆಗಬೇಕು.

ಹುಡುಗಿಯ ಮಾತ್ರೆ ಮುಗಿಯಿತು, ಮದುವೆಯೂ ಆಯಿತು. ಕೆನ್ನೆಯ ಹಳೆಯ ಗುಳಿಗಳು ಹಾಗೆಯೇ ಇವೆ. ಅವುಗಳಿಗೆ ಮಾತ್ರೆಯಲ್ಲಿ ಪರಿಹಾರವಿಲ್ಲ. ‘ಒಂದು ವರ್ಷ ಮೊದಲೇ ಕರೆದುಕೊಂಡು ಹೋಗಬಾರದಿತ್ತೇ, ದೊಡ್ಡಮ್ಮ?’ ಎಂದು ಅವಳು ಒಮ್ಮೆ ಕೇಳಿದಳು. ಆ ಒಂದು ವರ್ಷ ನಾವು ಕಡಲೆಹಿಟ್ಟು, ಅರಿಶಿನ ಮತ್ತು ಗಾದೆಗಳನ್ನು ಹಚ್ಚುತ್ತಾ ಕಳೆದಿದ್ದೆವು. ನನ್ನ ಬಳಿ ಉತ್ತರವಿರಲಿಲ್ಲ.