ಏಡಿಯ ಮನೆ ಯಾವುದು?

‘ಏಡಿ ವಾಸಿಸುವ ಸ್ಥಳ ______.’ ಬಿಟ್ಟ ಸ್ಥಳ ತುಂಬಿರಿ. ಉತ್ತರ ‘ನೀರು’, ಒಂದು ಅಂಕ. ಇಪ್ಪತ್ತೈದು ವರ್ಷ ಹೀಗೇ ಅಂಕ ಕೊಟ್ಟವಳು ನಾನು. ‘ಗದ್ದೆ ಬದು’ ಎಂದು ಬರೆದ ಹುಡುಗಿಗೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದವಳೂ ನಾನೇ.

ಜಪಾನ್, ಕೊರಿಯಾ, ಚೀನಾ, ತೈವಾನುಗಳ ಕರಾವಳಿಯಲ್ಲಿ ಒಂದು ಏಡಿಯಿದೆ. ಜಪಾನೀಯರು ಅದನ್ನು ‘ಅಕಾತೆಗಾನಿ’ ಎನ್ನುತ್ತಾರೆ, ಕೆಂಪು ಕೈಯ ಏಡಿ ಎಂದರ್ಥ. ಗೋರಂಟಿ ಹಚ್ಚಿಕೊಂಡಂಥ ಕೈ. (ಗಂಡಿನ ಕೈಯೇ ದೊಡ್ಡದು ಎನ್ನುವುದು ಬೇರೆ ಮಾತು!) ಇದರ ಸಂಸಾರವೆಲ್ಲ ನೆಲದ ಮೇಲೆ. ಕಡಲಂಚಿನ ಗುಡ್ಡದ ಕಾಡು, ಮಣ್ಣಿನ ಬಿಲ, ಕಲ್ಲುಗೋಡೆಯ ಸಂದು, ಮರವನ್ನೂ ಹತ್ತುತ್ತದೆ. ಆದರೆ ಬೇಸಿಗೆಯಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ಮುಸ್ಸಂಜೆ, ಹೊಟ್ಟೆಯಡಿ ಸಾವಿರಾರು ಮೊಟ್ಟೆ ಹೊತ್ತ ತಾಯಿ ಗುಡ್ಡ ಇಳಿಯುತ್ತಾಳೆ. ಭರತದ ನೀರಿಗೆ ಇಳಿದು ಮೈ ಕೊಡವಿದರೆ ಮರಿಗಳು ಕಡಲ ಪಾಲು. ತಾಯಿ ಮತ್ತೆ ಕಾಡಿಗೆ. ಸುಮಾರು ಒಂದು ತಿಂಗಳು ಕಡಲಲ್ಲಿ ಬೆಳೆದ ಮರಿಗಳೂ ದಡಕ್ಕೆ ಬಂದು ನೆಲ ಹತ್ತಬೇಕು.

ಈಗ ಹೇಳಿ, ಇದರ ಮನೆ ಯಾವುದು?

ಯೋಜನೆ ಹಾಕುವವರ ಬುದ್ಧಿಯೂ ನನ್ನ ಪ್ರಶ್ನೆಪತ್ರಿಕೆಯ ಹಾಗೆಯೇ. ನಕ್ಷೆಯಲ್ಲಿ ಕಾಡಿಗೆ ಹಸಿರು, ಕಡಲಿಗೆ ನೀಲಿ. ನಡುವಿನದು ಖಾಲಿ ಜಾಗ. ಅಲ್ಲೊಂದು ರಸ್ತೆ, ಆಚೆಗೊಂದು ನೆಟ್ಟಗಿನ ಕಾಂಕ್ರೀಟು ಗೋಡೆ. ಒಂದು ಮರ ಕಡಿದಿಲ್ಲ, ಕಡಲು ಕೆಡಿಸಿಲ್ಲ ಎಂದು ಬೀಗುತ್ತಾರೆ. ತಾಯಿ ಏಡಿ ಮಾತ್ರ ಚಕ್ರದಡಿ ಚಟ್ನಿ. ಬಸುರಿಗೆ ಮನೆಯಿದೆ, ಆಸ್ಪತ್ರೆಯಿದೆ, ನಡುವಿನ ಹೊಳೆಗೆ ಸೇತುವೆಯಿಲ್ಲ ಎಂದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕೆ?

‘ಹಾಗಾದರೆ ರಸ್ತೆ ಬೇಡವೇನ್ರೀ?’ ಎನ್ನುವವರಿದ್ದಾರೆ. ಬೇಕು. ಅದರಡಿ ಏಡಿಗೊಂದು ದಾರಿ ಬಿಡಿ, ಗೋಡೆಯನ್ನು ಹತ್ತಿ ಇಳಿಯುವಂತೆ ಇಳಿಜಾರಾಗಿ ಕಟ್ಟಿ ಎಂದರೆ ಅದು ರಸ್ತೆಯ ವಿರೋಧವೆ?

ಆಗದ ಕೆಲಸವೇನಲ್ಲ. ಟೋಕಿಯೋದ ದಕ್ಷಿಣಕ್ಕೆ, ಮಿಯುರಾ ಪರ್ಯಾಯದ್ವೀಪದಲ್ಲಿ ಕೊಆಜಿರೋ ಎಂಬಲ್ಲಿ, 1980ರ ದಶಕದಲ್ಲಿ ಗಾಲ್ಫ್ ಮೈದಾನದ ಯೋಜನೆ ಬಂತು. ಅಲ್ಲಿನ ಜನ ಬರೀ ಮರ ಉಳಿಸಿ ಎನ್ನಲಿಲ್ಲ. ಗುಡ್ಡದ ನೆತ್ತಿ, ತೊರೆ, ಜೌಗು, ಕೆಸರುದಂಡೆ, ಕೊಲ್ಲಿ, ಎಲ್ಲವೂ ಒಟ್ಟಿಗೇ ಉಳಿಯಬೇಕೆಂದರು. ಸುಮಾರು 70 ಹೆಕ್ಟೇರ್ ಹಾಗೆಯೇ ಉಳಿಯಿತು. 2014ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಹಲಗೆಯ ಕಾಲುದಾರಿ ಹಾಸಿದ್ದರು: ಜನ ಮೇಲೆ, ಏಡಿ ಕೆಳಗೆ.

ಈ ವರ್ಷ ನಾನು ಆ ಬಿಟ್ಟ ಸ್ಥಳ ತೆಗೆದು ಉತ್ತರಕ್ಕೆ ಮೂರು ಸಾಲು ಜಾಗ ಕೊಟ್ಟಿದ್ದೇನೆ. ತಿದ್ದುವುದು ಕಷ್ಟವಾಗುತ್ತದೆಂದು ಜೊತೆಯ ಮೇಷ್ಟ್ರುಗಳು ಗೊಣಗುತ್ತಿದ್ದಾರೆ.